ಮೂವತ್ತೈದು ತುಂಬುವ ತನಕ

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಸಂಸಾರ, ಎರಡು ಕಕ್ಕಸು, ಒಂದು ಕೊಳಾಯಿ. ಬೆಳಿಗ್ಗೆ ಕೊಳಾಯಿ ಮುಂದೆ ಬಿಂದಿಗೆಗಳ ಸಾಲು, ಸಾಲಿನಲ್ಲಿ ಜಗಳ, ಜಗಳ ಆಡಿದವರ ಮನೆಯಿಂದಲೇ ಸಂಜೆ ಒಂದು ಬಟ್ಟಲು ಹುಳಿ. ಮದುವೆಯಾಗಿ ಇಂಗ್ಲೆಂಡಿಗೆ ಬಂದ ಮೊದಲ ಎರಡು ವರ್ಷವೂ ಇನ್ನೊಂದು ಸಂಸಾರದ ಜೊತೆ ಒಂದೇ ಅಡುಗೆಮನೆಯಲ್ಲಿ ಕಳೆದೆ. ಹಾಗಾಗಿ 2011ರ ಡಿಸೆಂಬರಿನಲ್ಲಿ, ನಾನು ವಾರಕ್ಕೆ ಎರಡು ದಿನ ಸ್ವಯಂಸೇವಕಿಯಾಗಿ ಹೋಗುತ್ತಿದ್ದ ಸಲಹಾ ಕೇಂದ್ರದಲ್ಲಿ ಹೊಸ ನಿಯಮ ವಿವರಿಸಿದಾಗ ನನಗೆ ಗಾಬರಿಯೇನೂ ಆಗಲಿಲ್ಲ. ಒಂಟಿಯಾಗಿರುವ, 35 ತುಂಬದ ಬಾಡಿಗೆದಾರರಿಗೆ ಇನ್ನು ಮುಂದೆ ಸರ್ಕಾರ ಒಂದು ಮನೆಯ ಬಾಡಿಗೆಗಲ್ಲ, ಹಂಚಿಕೊಂಡ ಮನೆಯ ಒಂದು ಕೋಣೆಯ ಬಾಡಿಗೆಗೆ ಆಗುವಷ್ಟು ಮಾತ್ರ ನೆರವು ಕೊಡುತ್ತದಂತೆ. ಅದರಲ್ಲೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಮ್ಮ ದಿನಕ್ಕೆರಡು ಸಲ ಹೇಳುತ್ತಿದ್ದಳು. ಅದನ್ನೇ ನನ್ನ ಇಂಗ್ಲಿಷಿನಲ್ಲಿ ಹೇಳಿಯೂಬಿಟ್ಟೆ. ಕೇಂದ್ರದ ಮೇಲ್ವಿಚಾರಕಿ ಬೈಯಲಿಲ್ಲ. "ಹತ್ತು ಜನರ ಕಾಗದಪತ್ರ ನೋಡು, ಆಮೇಲೆ ಈ ಮಾತು ಮತ್ತೆ ಹೇಳು" ಅಂದರು.

ನಮ್ಮದು ಈಸ್ಟ್ ಮಿಡ್‌ಲ್ಯಾಂಡ್ಸ್‌ನ ಒಂದು ಊರು. ಹಿಂದೆ ಕಾಲುಚೀಲ, ಬನಿಯನ್ನು ನೇಯುವ ಗಿರಣಿಗಳಿದ್ದವು, ಈಗ ಗಿರಣಿಗಳ ಜಾಗದಲ್ಲಿ ಗೋದಾಮುಗಳಿವೆ. ಕೆಂಪು ಇಟ್ಟಿಗೆಯ, ಗೋಡೆಗೆ ಗೋಡೆ ಅಂಟಿಸಿದ ಸಾಲುಮನೆಗಳು. ಅಂಗಡಿಯವರು, ಬಸ್ಸಿನವರು, ಕೌಂಟರಿನ ಆಚೆ ಕೂತ ಅಜ್ಜಿಯರು, ಯಾರೇ ಆಗಲಿ ನಿಮ್ಮನ್ನು "ಮಿ ಡಕ್" ಎಂದು ಕರೆಯುತ್ತಾರೆ. ಬಾತುಕೋಳಿ ಅನ್ನಿಸಿಕೊಳ್ಳುವುದು ಮೊದಮೊದಲು ಹೇಗೇಗೋ ಅನ್ನಿಸಿ, ಆಮೇಲೆ "ಏನಮ್ಮಾ" ಅಂದ ಹಾಗೆಯೇ ಕೇಳತೊಡಗಿತು.

ನಿಯಮವನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆದಾಯ ಸಾಲದವರ ಬಾಡಿಗೆಗೆ ಅಲ್ಲಿ ಆಗ ಹೌಸಿಂಗ್ ಬೆನಿಫಿಟ್ ಎಂಬ ನೆರವಿತ್ತು. ಖಾಸಗಿ ಮನೆಯಲ್ಲಿರುವವರಿಗೆ 2008ರ ಏಪ್ರಿಲ್‌ನಿಂದ ಅದನ್ನು ಲೋಕಲ್ ಹೌಸಿಂಗ್ ಅಲೋಯನ್ಸ್ ಎಂಬ ದರಪಟ್ಟಿಯ ಪ್ರಕಾರ ಲೆಕ್ಕ ಹಾಕುತ್ತಿದ್ದರು. ನಿಮ್ಮ ಬಾಡಿಗೆ ಎಷ್ಟಾದರೂ ಇರಲಿ, ಆ ಪ್ರದೇಶದ ದರ ಎಷ್ಟೋ ಅಷ್ಟೇ ಗರಿಷ್ಠ. ಆ ಪ್ರದೇಶದ ನೂರು ಮನೆಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ಸಾಲಾಗಿ ನಿಲ್ಲಿಸಿದರೆ ಮೊದಲು ಐವತ್ತನೆಯ ಮನೆಯ ಬಾಡಿಗೆ ದರವಾಗುತ್ತಿತ್ತು. 2011ರ ಏಪ್ರಿಲ್‌ನಲ್ಲಿ ಅದನ್ನು ಮೂವತ್ತನೆಯ ಮನೆಗೆ ಇಳಿಸಿದರು. ಒಂಟಿಗರಲ್ಲಿ 25 ತುಂಬದವರಿಗೆ ಬರೀ ಒಂದು ಕೋಣೆಯ ದರ ಅನ್ನುವುದು 1996ರಿಂದಲೇ ಇತ್ತು. 2010ರ ಅಕ್ಟೋಬರಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಆ ಗೆರೆಯನ್ನು 35ಕ್ಕೆ ಏರಿಸುವುದಾಗಿ ಹೇಳಿದರು. 2012ರ ಜನವರಿ 1ರಿಂದ ಅದು ಜಾರಿಗೆ ಬಂತು. ಹೊಸ ಅರ್ಜಿದಾರರಿಗೆ ಅವತ್ತಿನಿಂದಲೇ, ಹಳಬರಿಗೆ ಅವರವರ ವಾರ್ಷಿಕ ಪರಿಶೀಲನೆಯ ದಿನದಿಂದ. ಸುಮಾರು 62,500 ಜನರಿಗೆ ತಟ್ಟುತ್ತದೆ, ಸರಾಸರಿ ವಾರಕ್ಕೆ 41 ಪೌಂಡ್ ಕಡಿಮೆಯಾಗುತ್ತದೆ ಎಂದು ಸರ್ಕಾರದ್ದೇ ಅಂದಾಜು ಹೇಳಿತ್ತು. ಆಗ ನಮ್ಮೂರಿನಲ್ಲಿ ಈ ದರ ಒಂದು ಬೆಡ್‌ರೂಮಿನ ಮನೆಗೆ ವಾರಕ್ಕೆ ಸುಮಾರು 90 ಪೌಂಡ್, ಹಂಚಿಕೊಂಡ ಮನೆಯ ಕೋಣೆಗೆ ಸುಮಾರು 60. ಈ ಎರಡು ಅಂಕಿಗಳ ನಡುವೆ ನನ್ನ ಮುಂದಿನ ನಾಲ್ಕು ವರ್ಷ ಕಳೆಯಿತು.

ನಾನು ನೋಡಿದ ಮೊದಲ ಕೇಸು ಒಬ್ಬ ಗಾರೆ ಕೆಲಸದವನದು. ಹೆಸರು ಬೇಡ, ಗಾರೆಯವನು ಎನ್ನೋಣ. ಫೆಬ್ರವರಿಯ ಒಂದು ಮಂಗಳವಾರ ಬಂದ. 2008ರ ಆರ್ಥಿಕ ಕುಸಿತದ ಮೇಲೆ ಕಟ್ಟಡದ ಕೆಲಸ ನಿಂತು, ಆಗೊಂದು ಈಗೊಂದು ದಿನಗೂಲಿ, ಆಮೇಲೆ ಅದೂ ಇಲ್ಲ. ವಯಸ್ಸು 30. ಬಾಡಿಗೆ ವಾರಕ್ಕೆ 95. ಅಲ್ಲಿಯವರೆಗೆ 90 ಬರುತ್ತಿತ್ತು, ಮಾರ್ಚಿನಿಂದ 60 ಅಂತ ಕೌನ್ಸಿಲಿನ, ಅಂದರೆ ಅಲ್ಲಿಯ ನಗರಸಭೆಯ, ಕಾಗದ. ನಿರುದ್ಯೋಗ ಭತ್ಯೆ ಆಗ ವಾರಕ್ಕೆ 67 ಪೌಂಡ್ 50 ಪೆನ್ಸ್, ಏಪ್ರಿಲ್‌ನಿಂದ 71. ಅದರಲ್ಲಿ 35 ಬಾಡಿಗೆಗೇ ಹೋದರೆ ಕರೆಂಟು, ಗ್ಯಾಸು, ನೀರು, ಬಸ್ಸು, ಊಟ ಎಲ್ಲಕ್ಕೂ ಸೇರಿ ಉಳಿಯುವುದು 36. ನಾನು ಕ್ಯಾಲ್ಕ್ಯುಲೇಟರ್ ತೆಗೆಯುವ ಮೊದಲೇ ಅವನು ಇಷ್ಟೂ ಲೆಕ್ಕವನ್ನು ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ಹಾಕಿಕೊಂಡು ಬಂದಿದ್ದ.

"ಹಾಗಾದರೆ ಒಂದು ಕೋಣೆಗೆ ಹೋಗಬಹುದಲ್ಲ" ಅಂದೆ.

"ಹೋಗಬಹುದು. ನನ್ನ ಮಗ ಎಲ್ಲಿ ಮಲಗಬೇಕು?"

ಐದು ವರ್ಷದ ಮಗ. ಹೆಂಡತಿಯಿಂದ ಬೇರೆಯಾಗಿದ್ದ. ಶುಕ್ರವಾರ ಮತ್ತು ಶನಿವಾರ ರಾತ್ರಿ ಮಗ ಅಪ್ಪನ ಮನೆಯಲ್ಲಿ. ಆದರೆ ಮಕ್ಕಳ ಭತ್ಯೆ ಯಾರ ಹೆಸರಿಗೆ ಬರುತ್ತದೋ ಮಗು ಅವರ ಮನೆಯದು, ಆಗಿನ ನಿಯಮದ ಲೆಕ್ಕ ಅಷ್ಟೇ. ಭತ್ಯೆ ತಾಯಿಯ ಹೆಸರಿಗೆ ಬರುತ್ತಿತ್ತು. ವಾರಕ್ಕೆ ಎರಡು ರಾತ್ರಿ ಅಪ್ಪನಾಗಿದ್ದವನು ಕೌನ್ಸಿಲಿನ ಕಂಪ್ಯೂಟರಿನಲ್ಲಿ ಬರೀ ಒಂಟಿ ಗಂಡಸು. ಗರ್ಭಿಣಿಯರದೂ ಇದೇ ಪಾಡು ಎಂದು ಆಮೇಲೆ ಗೊತ್ತಾಯಿತು. ಒಂಟಿ ಹೆಂಗಸಿಗೆ ತುಂಬಿದ ಎಂಟು ತಿಂಗಳಾಗಿದ್ದರೂ ಮಗು ಹುಟ್ಟುವ ತನಕ ಕೋಣೆಯ ದರವೇ. ನಮ್ಮಲ್ಲಿ ಸೀಮಂತದ ಹೊತ್ತಿಗೆ ಇಡೀ ವಠಾರ ಜಾಗ ಬಿಟ್ಟುಕೊಡುತ್ತಿತ್ತು.

ಇಂಥ ಕೇಸು ಬಂದಾಗ ಮಾಡುವ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ವಿನಾಯಿತಿ ಹುಡುಕುವುದು. ಮಕ್ಕಳ ಸಂರಕ್ಷಣಾ ವ್ಯವಸ್ಥೆಯಲ್ಲಿ ಬೆಳೆದು ಬಂದವರಿಗೆ 22 ತುಂಬುವ ತನಕ ವಿನಾಯಿತಿ ಇತ್ತು (2021ರಲ್ಲಿ ಅದನ್ನು 25ಕ್ಕೆ ಏರಿಸಿದರು). ತೀವ್ರ ಅಂಗವೈಕಲ್ಯದ ಹೆಚ್ಚುವರಿ ಭತ್ಯೆ ಪಡೆಯುವವರಿಗೆ, ರಾತ್ರಿ ಜೊತೆಗಿದ್ದು ನೋಡಿಕೊಳ್ಳುವವರ ಅಗತ್ಯ ಇರುವವರಿಗೆ ಇತ್ತು. ಜೈಲಿನಿಂದ ಬಂದು ಪೊಲೀಸು, ಪ್ರೊಬೇಷನ್ನಿನವರ ಬಿಗಿ ನಿಗಾದಲ್ಲಿರುವ ಕೆಲವರಿಗೂ ಇತ್ತು, ಅವರನ್ನು ಬೇರೆಯವರ ಜೊತೆ ಇರಿಸುವುದೇ ಅಪಾಯ ಅಂತ. ಇನ್ನೊಂದು, ಮನೆಯಿಲ್ಲದವರ ಹಾಸ್ಟೆಲಿನಲ್ಲಿ ಒಟ್ಟು ಮೂರು ತಿಂಗಳು ಇದ್ದು, ಅಲ್ಲಿ ಪುನರ್ವಸತಿಯ ನೆರವು ಪಡೆದವರಿಗೆ. ಆಗ ಇದು 25 ತುಂಬಿದವರಿಗೆ ಮಾತ್ರ (2021ರಲ್ಲಿ ಈ ಮಿತಿಯನ್ನೂ ತೆಗೆದರು). 23 ವರ್ಷದವನು ಅದೇ ಹಾಸ್ಟೆಲಿನಲ್ಲಿ ಒಂದು ವರ್ಷ ಕಳೆದು ಬಂದರೂ ಇರಲಿಲ್ಲ.

ಈ ಹಾಸ್ಟೆಲ್ ನಿಯಮದಲ್ಲಿ ನನಗೊಂದು ಗೆಲುವು ಸಿಕ್ಕಿತು. ಪಬ್ಬಿನಲ್ಲಿ ವಾರಕ್ಕೆ ಕೆಲವೇ ಗಂಟೆ ಕೆಲಸ ಇದ್ದ 27ರ ಹುಡುಗಿ, ಎಲ್ಲ ಪ್ರಶ್ನೆಗೂ ಇಲ್ಲ ಇಲ್ಲ ಎನ್ನುತ್ತಾ ಬಂದಳು. ಹಾಸ್ಟೆಲ್ ಅಂದಾಗಲೂ ಇಲ್ಲ ಅಂದಳು. ಕೋಟು ಹಾಕಿಕೊಂಡು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಹತ್ತೊಂಬತ್ತರಲ್ಲಿ ಮಲತಂದೆ ಹೊರಗೆ ಹಾಕಿದ್ದ, ಆಗ ಒಂದಷ್ಟು ದಿನ ಒಂದು ಕಡೆ ಇದ್ದೆ, ಅದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದಳು. ಮೊದಲು ಏಳು ವಾರ, ಮತ್ತೆ ಆರು ತಿಂಗಳ ನಂತರ ಒಂಬತ್ತು ವಾರ. ಒಟ್ಟಿಗೇ ಇರಬೇಕೆಂದಿಲ್ಲ, ಇತ್ತೀಚಿನದೇ ಆಗಬೇಕೆಂದೂ ಇಲ್ಲ. ಆದರೆ ಪುರಾವೆ ಬೇಕು, ಆ ಹಾಸ್ಟೆಲ್ ಮುಚ್ಚಿಹೋಗಿತ್ತು. ನಡೆಸುತ್ತಿದ್ದವರ ಹಳೆಯ ಕಡತಗಳು ಇನ್ನೊಂದು ಊರಿನ ಇನ್ನೊಂದು ಸಂಸ್ಥೆಯಲ್ಲಿ. ಆರು ವಾರ ಫೋನು ಮಾಡಿ, ಕೊನೆಗೆ ಒಬ್ಬ ಪುಣ್ಯಾತ್ಮ ಗುಮಾಸ್ತ ನೆಲಮಾಳಿಗೆಯಿಂದ ಹಾಜರಿ ಪುಸ್ತಕದ ಎರಡು ಪುಟ ನಕಲು ಮಾಡಿ ಕಳಿಸಿದ. ಹದಿನಾರು ವಾರ. ಅವಳ 90 ಪೌಂಡು ಉಳಿಯಿತು. ಅಂದಿನಿಂದ ನಾನು "ಹಾಸ್ಟೆಲಿನಲ್ಲಿ ಇದ್ದಿರಾ" ಅಂತ ಕೇಳುವುದನ್ನೇ ಬಿಟ್ಟೆ. "ಹದಿನಾರು ವರ್ಷದಿಂದ ಈಚೆಗೆ ಎಲ್ಲೆಲ್ಲಿ ಮಲಗಿದ್ದೀರಿ, ಒಂದೊಂದೇ ಹೇಳಿ" ಅಂತ ಶುರು ಮಾಡುತ್ತಿದ್ದೆ. ಎಷ್ಟೋ ಜನ ಆ ಪಟ್ಟಿ ಹೇಳುತ್ತಾ ಹೇಳುತ್ತಾ ಮಧ್ಯದಲ್ಲಿ ಸುಮ್ಮನಾಗಿಬಿಡುತ್ತಿದ್ದರು.

ಗಾರೆಯವನಿಗೆ ಯಾವ ವಿನಾಯಿತಿಯೂ ಸಿಗಲಿಲ್ಲ. ಎರಡನೆಯ ಹೆಜ್ಜೆ, ಮನೆ ಮಾಲೀಕನ ಹತ್ತಿರ ಮಾತು. ಇಲ್ಲಿ ನಮ್ಮ ಕೈಯಲ್ಲಿ ಒಂದು ಅಸ್ತ್ರ ಇತ್ತು. ಸಾಮಾನ್ಯವಾಗಿ ಬಾಡಿಗೆಯ ನೆರವು ಬಾಡಿಗೆದಾರನ ಖಾತೆಗೇ ಬರುತ್ತಿತ್ತು. ಎಂಟು ವಾರ ಬಾಕಿ ಆದ ಮೇಲೆಯೇ ಮಾಲೀಕ ನೇರವಾಗಿ ಕೇಳಬಹುದಿತ್ತು. ಆದರೆ ಮಾಲೀಕ ಬಾಡಿಗೆ ಇಳಿಸಲು ಒಪ್ಪಿದರೆ ಕೌನ್ಸಿಲ್ ಅವನಿಗೇ ನೇರ ಪಾವತಿ ಮಾಡಬಹುದು ಎಂದು 2011ರಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದ್ದರು. ಮಾಲೀಕ ಒಬ್ಬ ನಿವೃತ್ತ ಬಸ್ ಡ್ರೈವರ್, ಎರಡು ಫ್ಲ್ಯಾಟ್ ಇಟ್ಟುಕೊಂಡಿದ್ದವ. ಕೆಟ್ಟವನಲ್ಲ. ಸಾಲದ ಕಂತಿನ ಚೀಟಿಯನ್ನೇ ತಂದು ನನ್ನ ಮುಂದೆ ಇಟ್ಟ. 95ರಿಂದ 88ಕ್ಕೆ ಇಳಿದ, ಅದಕ್ಕಿಂತ ಕೆಳಗೆ ಆಗುವುದಿಲ್ಲ ಅಂದ. 28 ಪೌಂಡಿನ ಹಳ್ಳ ಉಳಿಯಿತು.

ಮೂರನೆಯದು ಕೌನ್ಸಿಲಿನ ವಿವೇಚನಾ ನಿಧಿ. ಡಿಸ್ಕ್ರೀಷನರಿ ಹೌಸಿಂಗ್ ಪೇಮೆಂಟ್ ಅಂತ ಅದರ ಹೆಸರು. ಬಾಯಲ್ಲಿ ಎಲ್ಲರೂ ಡಿಎಚ್‌ಪಿ ಅನ್ನುತ್ತಿದ್ದರು. ಹಕ್ಕಲ್ಲ, ಕೊಟ್ಟರೆ ಉಂಟು, ಅದೂ ಇಷ್ಟು ದಿನಕ್ಕೆ ಅಂತ. ಅರ್ಜಿಯಲ್ಲಿ ವಾರದ ಖರ್ಚನ್ನು ಸಾಲುಸಾಲಾಗಿ ಬರೆಯಬೇಕು. ಅವನು ಸಿಗರೇಟಿಗೆ 9 ಪೌಂಡ್ ಅಂತ ಪ್ರಾಮಾಣಿಕವಾಗಿ ಬರೆಸಿದ. ನಾನೂ ಪ್ರಾಮಾಣಿಕವಾಗಿ ಬರೆದೆ. "ಮಗ ಆಗಾಗ ಬಂದುಹೋಗುತ್ತಾನೆ" ಎಂದು ಒಂದು ವಾಕ್ಯ ಸೇರಿಸಿದೆ. ಅರ್ಜಿ ತಿರಸ್ಕಾರವಾಯಿತು. ಸಿಗರೇಟು ಬಿಡಬಹುದು, ಅಗ್ಗದ ಕೋಣೆಗೆ ಹೋಗಬಹುದು ಎಂದು ಎರಡೇ ಸಾಲಿನ ಉತ್ತರ. ತಪ್ಪು ನನ್ನದು. "ಆಗಾಗ" ಅನ್ನುವ ಪದ ಬರೆದವಳು ನಾನು. ಎರಡನೆಯ ಸಲ ಮಗುವಿನ ತಾಯಿಯಿಂದ ಪತ್ರ, ಶುಕ್ರವಾರ ಮಧ್ಯಾಹ್ನ ಕರೆದೊಯ್ಯುವವರು ಯಾರೆಂದು ಶಾಲೆಯಿಂದ ಪತ್ರ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ರಾತ್ರಿಗಳು, ಹಾಸಿಗೆಯ ಫೋಟೋ ಎಲ್ಲ ಇಟ್ಟೆವು. ಕೋಣೆಯ ಮೂಲೆಯಲ್ಲಿ ಬಿಳಿ ಬಣ್ಣದ ಪುಟ್ಟ ಮಕ್ಕಳ ಮಂಚ, ತಲೆಯ ಕಡೆ ರಾಕೆಟ್ಟಿನ ಚಿತ್ರ. ಈ ಸಲ 26 ವಾರಕ್ಕೆ ಮಂಜೂರಾಯಿತು.

ಆ ಆರು ತಿಂಗಳಲ್ಲಿ ಕೆಲಸ ಸಿಗಬೇಕು, ಇಲ್ಲವೇ ಕೋಣೆ ಸಿಗಬೇಕು. ಕೋಣೆ ಹುಡುಕುವುದು ಹೇಗೆ ಎನ್ನುವುದೇ ನನ್ನ ನಿಜವಾದ ಪಾಠ. ಪತ್ರಿಕೆಯಲ್ಲಿ, ಅಂಗಡಿಯ ಕಿಟಕಿಯಲ್ಲಿ, ಎಲ್ಲ ಜಾಹೀರಾತಿನ ಕೊನೆಯಲ್ಲೂ "ನೋ ಡಿಎಸ್‌ಎಸ್". ಆ ಹೆಸರಿನ ಇಲಾಖೆ 2001ರಲ್ಲೇ ಮುಚ್ಚಿತ್ತು. ಇಲಾಖೆ ಹೋದರೂ ಬೈಗುಳ ಉಳಿದಿತ್ತು: ಬೆನಿಫಿಟ್ ತಗೊಳ್ಳುವವರು ಬೇಡ ಅಂತ ಅರ್ಥ. ಇದು ಕಾನೂನುಬಾಹಿರ ಎಂದು ಯಾರ್ಕಿನ ಕೋರ್ಟು ಹೇಳಿದ್ದು 2020ರಲ್ಲಿ. ಬೆಂಗಳೂರಿನಲ್ಲಿ "ಓನ್ಲಿ ವೆಜಿಟೇರಿಯನ್ಸ್" ಬೋರ್ಡು ನೋಡಿ ಬೆಳೆದವಳಿಗೆ ಆ ಬೋರ್ಡು ಹೊಸದಲ್ಲ. ನಮ್ಮದೇ ಮನೆ ಗೇಟಿಗೆ ಅದು ನೇತಾಡುತ್ತಿದ್ದಾಗ ನಾನು ಏನೂ ಅಂದವಳಲ್ಲ ಅನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮಾಲೀಕರ ಲೆಕ್ಕವೂ ಸುಲಭವೇ. ಐದಾರು ಕೋಣೆಯ ಮನೆ ಇದ್ದರೆ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಅವರಿಗೆ ಅಪ್ಪ ಅಮ್ಮ ಜಾಮೀನು, ಕೌನ್ಸಿಲ್ ತೆರಿಗೆ ಇಲ್ಲ. ನಮ್ಮವರಿಗೆ ಜಾಮೀನು ಯಾರು? ಏಜೆಂಟರು ಆಗ ಕೇಳುತ್ತಿದ್ದುದು ಸ್ವಂತ ಮನೆ ಇರುವ ಜಾಮೀನುದಾರನನ್ನು. ಅದರ ಮೇಲೆ ಆರು ವಾರದ ಡಿಪಾಜಿಟ್ಟು, ಒಂದು ತಿಂಗಳ ಮುಂಗಡ, ವಿಚಾರಣೆಯ ಶುಲ್ಕ (ಈ ಶುಲ್ಕ 2019ರಲ್ಲಿ ನಿಂತಿತು, ಡಿಪಾಜಿಟ್ಟಿಗೂ ಮಿತಿ ಬಂತು). ಇನ್ನೊಂದು ಕಡೆ, ವಿದ್ಯಾರ್ಥಿ ಬಡಾವಣೆಗಳಲ್ಲಿ ಸಂಸಾರದ ಮನೆಗಳನ್ನೆಲ್ಲ ಕೋಣೆಕೋಣೆ ಮಾಡಿ ಬಾಡಿಗೆಗೆ ಬಿಡುತ್ತಾರೆಂಬ ದೂರಿಗೆ, ಅನೇಕ ಊರುಗಳ ಹಾಗೆ ನಮ್ಮಲ್ಲೂ ಯೋಜನಾ ಅನುಮತಿಯಿಲ್ಲದೆ ಹಾಗೆ ಮಾಡಬಾರದೆಂದು ಕಟ್ಟು ಹಾಕಿದ್ದರು. ಕೋಣೆಗೆ ಹೋಗಿ ಅನ್ನುವ ಕಾಗದ, ಕೋಣೆ ಹೆಚ್ಚಿಸಬೇಡಿ ಅನ್ನುವ ಕಾಗದ, ಎರಡೂ ಒಂದೇ ವಾರ ನನ್ನ ಮೇಜಿಗೆ ಬಂದದ್ದುಂಟು.

ಆಗ ಮೇಲ್ವಿಚಾರಕಿಗೆ ಒಂದು ಯೋಚನೆ ಹೊಳೆಯಿತು. ಕೋಣೆ ಹುಡುಕುವ ಬದಲು ಜೊತೆಗಾರರನ್ನು ಹುಡುಕೋಣ. ಲೆಕ್ಕ ಹೀಗೆ: ಮೂರು ಬೆಡ್‌ರೂಮಿನ ಸಾಲುಮನೆಗೆ ತಿಂಗಳಿಗೆ 650, ಅಂದರೆ ವಾರಕ್ಕೆ 150. ಮೂವರು ಸೇರಿದರೆ ತಲೆಗೆ 50. ಕೋಣೆಯ ದರ 60 ಇರುವಾಗ ಪೂರ್ತಿ ಬಾಡಿಗೆ ನೆರವಿನಲ್ಲೇ ಮುಗಿಯುತ್ತದೆ. ಇಷ್ಟು ಸರಳ ಗಣಿತ ಯಾಕೆ ಯಾರೂ ಮಾಡುತ್ತಿಲ್ಲ ಅಂದರೆ, ಆ ಮೂವರು ಒಬ್ಬರಿಗೊಬ್ಬರು ಗೊತ್ತಿಲ್ಲ. ಚರ್ಚಿನ ಹಾಲಿನಲ್ಲಿ ಒಂದು ಸಂಜೆ ಚಹಾ ಬಿಸ್ಕತ್ತು ಇಟ್ಟು ಎಲ್ಲರನ್ನೂ ಕರೆದೆವು. ಡಿಪಾಜಿಟ್ಟಿನ ಬದಲು ಮಾಲೀಕನಿಗೆ ಕೇಂದ್ರದಿಂದ ಒಂದು ಖಾತ್ರಿಪತ್ರ, ಹಾನಿಯಾದರೆ ಮಾತ್ರ ದುಡ್ಡು.

ಮೊದಲ ಸಂಜೆ ಪೂರ್ತಿ ಎಡವಟ್ಟು. ಹವ್ಯಾಸ ಏನು, ಯಾವ ಸಂಗೀತ ಇಷ್ಟ ಅಂತ ಚೀಟಿ ಕೊಟ್ಟು ತುಂಬಿಸಿದ್ದೆವು. ಹದಿನಾಲ್ಕು ಜನ ಗೋಡೆಗೆ ಒರಗಿ ತಮ್ಮ ತಮ್ಮ ಬಿಸ್ಕತ್ತು ತಿಂದು ಹೋದರು. ವಧುಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು, ಹೇಳಬೇಕಾದ್ದು ಯಾರೂ ಹೇಳಲಿಲ್ಲ. ಎರಡನೆಯ ಸಲ ನಾನು ವಠಾರದ ಬುದ್ಧಿ ಉಪಯೋಗಿಸಿದೆ. ಪಾತ್ರೆ ಯಾವಾಗ ತೊಳೆಯುತ್ತೀರಿ, ಉಂಡ ತಕ್ಷಣವೋ ಮಾರನೇ ದಿನವೋ? ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ? ಬಚ್ಚಲಲ್ಲಿ ಎಷ್ಟು ಹೊತ್ತು? ಕುಡಿದರೆ ಜೋರಾಗುತ್ತೀರೋ ಮೂಲೆ ಸೇರುತ್ತೀರೋ? ನಿಮ್ಮ ಹಾಲನ್ನು ಇನ್ನೊಬ್ಬರು ಕುಡಿದರೆ ಏನು ಮಾಡುತ್ತೀರಿ? ಹಾಲಿನ ಪ್ರಶ್ನೆಗೆ ಹಾಲ್ ತುಂಬ ಗದ್ದಲವೇ ಆಯಿತು. ಗದ್ದಲದಲ್ಲಿ ಯಾರ ಜೊತೆ ಯಾರು ನಗುತ್ತಿದ್ದಾರೆಂದು ನೋಡಿಕೊಂಡರೆ ಸಾಕಾಗಿತ್ತು.

ಆ ಸಂಜೆ ದಾವಣಗೆರೆಯ ಒಬ್ಬ ಹುಡುಗನೂ ಬಂದಿದ್ದ. ಎಂ.ಎಸ್ಸಿ. ಮುಗಿಸಿ ಎರಡು ವರ್ಷದ ಕೆಲಸದ ವೀಸಾದಲ್ಲಿದ್ದ, ಅದೇ ಏಪ್ರಿಲ್‌ನಲ್ಲಿ ಸರ್ಕಾರ ಹೊಸಬರಿಗೆ ನಿಲ್ಲಿಸಿದ ವೀಸಾ ಅದು. ಗೋದಾಮಿನಲ್ಲಿ ರಾತ್ರಿ ಪಾಳಿ. ಅವನಿಗೆ ಬೆನಿಫಿಟ್ಟಿನ ಹಕ್ಕೇ ಇಲ್ಲ, ಸರ್ಕಾರಿ ನೆರವು ಕೇಳುವಂತಿಲ್ಲ ಎಂದು ವೀಸಾದ ಮೇಲೇ ಬರೆದಿರುತ್ತದೆ. "ಆಂಟಿ, ನಂಗೆ ರೂಮ್ ಅಷ್ಟೇ ಬೇಕ್ರೀ, ರೊಕ್ಕ ನಾನೇ ಕೊಡ್ತೀನಿ" ಅಂದ. ಒಬ್ಬ ಬೇಕರಿ ಹುಡುಗ, ಒಬ್ಬ ಕಾಲೇಜು ಬಿಟ್ಟ 24ರವನು, ಇವನು, ಮೂವರೂ ಒಂದು ಮನೆ ಹಿಡಿದರು. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ರಾತ್ರಿ ಪಾಳಿ ಮುಗಿಸಿ ಬಂದವನು ಒಗ್ಗರಣೆ ಹಾಕಿದ. ಹೊಗೆ ಎಚ್ಚರಿಕೆ ಗಂಟೆ ಇಡೀ ಬೀದಿಗೆ ಕೇಳಿತು. ಬೇಕರಿಯವನು ಕೆಲಸಕ್ಕೆ ಹೋಗಿದ್ದ, ಇನ್ನೊಬ್ಬ ಚಡ್ಡಿಯಲ್ಲಿ ರಸ್ತೆಗೆ ಓಡಿಬಂದ. ನನಗೆ ಫೋನು. ಮೆಣಸಿನಕಾಯಿ ಘಾಟಿಗೂ ಬೆಂಕಿಗೂ ವ್ಯತ್ಯಾಸ ವಿವರಿಸಿ, ಅಡುಗೆಗೆ ಮೊದಲು ಕಿಟಕಿ ತೆಗೆಯಬೇಕು, ಬೆಳಿಗ್ಗೆ ಎಂಟರ ಒಳಗೆ ಒಗ್ಗರಣೆ ಇಲ್ಲ ಅಂತ ಫ್ರಿಜ್ಜಿನ ಮೇಲೆ ಕಾಗದ ಅಂಟಿಸಿ ಬಂದೆ. ಆ ಮನೆ ಎರಡು ವರ್ಷ ನಡೆಯಿತು. ಅವರಿಗೆ ಕೊನೆಗೂ ಅಭ್ಯಾಸ ಆಗದಿದ್ದದ್ದು ದುಡ್ಡು ಬರುವ ಕ್ರಮ. ಬಾಡಿಗೆ ತಿಂಗಳಿಗೊಮ್ಮೆ, ನೆರವು ನಾಲ್ಕು ವಾರಕ್ಕೊಮ್ಮೆ. ತಿಂಗಳಿಗೆ 260 ಕಟ್ಟಬೇಕಾದವನಿಗೆ ಕಂತಿನಲ್ಲಿ ಬರುವುದು 240. ವರ್ಷಕ್ಕೆ ಹದಿಮೂರು ಕಂತು ಬಂದು ಸರಿಹೋಗುತ್ತದೆ ನಿಜ. ಆದರೆ ಹದಿಮೂರನೆಯ ಕಂತು ಬರುವ ತನಕ ತಿಂಗಳು ತಿಂಗಳು 20 ಪೌಂಡು ಎಲ್ಲಿಂದ ತರುವುದು? ಎಷ್ಟೋ ಬಾಕಿಗಳು ಶುರುವಾದದ್ದು ಈ 20ರಿಂದ.

ಇನ್ನೊಂದು ಮನೆಯ ಕಥೆಯನ್ನು ಹೇಳದೆ ಬಿಡಬಹುದಿತ್ತು. ಅಲ್ಲಿಯೂ ಮೂವರು. ಏಜೆಂಟ್ ಒಂದೇ ಕರಾರಿನಲ್ಲಿ ಮೂವರೂ ಸಹಿ ಹಾಕಿದರೆ ತಿಂಗಳಿಗೆ 40 ಕಡಿಮೆ ಅಂದ. ನಾನೇ ಮುಂದೆ ನಿಂತು ಹಾಕಿಸಿದೆ. ಜಂಟಿ ಕರಾರು ಅಂದರೆ ಪ್ರತಿಯೊಬ್ಬನೂ ಪೂರ್ತಿ ಬಾಡಿಗೆಗೆ ಹೊಣೆ. ತರಬೇತಿಯಲ್ಲಿ ಹೇಳಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಐದನೆಯ ತಿಂಗಳಲ್ಲಿ ಒಬ್ಬ ರಾತ್ರೋರಾತ್ರಿ ಗೆಳತಿಯ ಊರಿಗೆ ಹೋಗಿಬಿಟ್ಟ. ಅವನ ಪಾಲು ಉಳಿದಿಬ್ಬರ ತಲೆಗೆ. ಅವರಲ್ಲೊಬ್ಬಳಿಗೆ 24, ಭತ್ಯೆ ವಾರಕ್ಕೆ 56 ಪೌಂಡ್ 25 ಪೆನ್ಸ್. ಬಾಕಿ ಬೆಳೆಯಿತು, ನೋಟಿಸು ಬಂತು, ಅವಳು ಸೋಫಾದಿಂದ ಸೋಫಾಕ್ಕೆ ಅಲೆಯುವ ಹಾಗಾಯಿತು. ಬಿಟ್ಟುಹೋದವನನ್ನು ಬೈಯುವುದು ಸುಲಭ. ಬೇರೆ ಬೇರೆ ಕರಾರು ಮಾಡಿಸಿದ್ದರೆ ಅವನ ಕೋಣೆ ಖಾಲಿಯಾದ ನಷ್ಟ ಮಾಲೀಕನದಾಗುತ್ತಿತ್ತು, ಕೌನ್ಸಿಲ್ ತೆರಿಗೆಯೂ ಮಾಲೀಕನ ತಲೆಗೇ ಹೋಗುತ್ತಿತ್ತು. 40 ಪೌಂಡಿನ ಆಸೆಗೆ ಬಿದ್ದವಳು ನಾನು. ಆಮೇಲಿನಿಂದ ನನ್ನ ಮೇಜಿನ ಮೇಲೆ ಬರುವ ಪ್ರತಿ ಕರಾರಿನಲ್ಲೂ ಮೊದಲು ಎಷ್ಟು ಸಹಿಯ ಗೆರೆಗಳಿವೆ ಅಂತ ಎಣಿಸುತ್ತಿದ್ದೆ.

ವಠಾರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಆಗ ಹೊಳೆಯಿತು. ನಮ್ಮ ವಠಾರದಲ್ಲಿ ನಲ್ಲಿ ಒಂದೇ ಆದರೂ ಬಾಗಿಲುಗಳು ಎಂಟಿದ್ದವು. ಬಾಗಿಲ ಒಳಗೆ ನಮ್ಮ ಸಂಸಾರ. ಬಾಡಿಗೆ ಕೊಡದೆ ಓಡಿಹೋದವನ ಪಾಲನ್ನು ಯಾರೂ ಅಪ್ಪನ ಹತ್ತಿರ ಕೇಳಲಿಲ್ಲ. ಅಜ್ಜಿ ಊರಿಂದ ಬಂದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಗಾರೆಯವನು ಸೆಪ್ಟೆಂಬರಿನಲ್ಲಿ ಕೋಣೆಗೆ ಹೋದ. ಡಿಎಚ್‌ಪಿ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಐದು ಜನರ ಮನೆ, ಅವನ ಕೋಣೆ ಮೊದಲ ಮಹಡಿಯಲ್ಲಿ, ಬಾಗಿಲಿಗೊಂದು ಬೀಗ. ಉಳಿದ ನಾಲ್ವರು ಗಂಡಸರು ಯಾರೆಂದು ಅವನಿಗೂ ಗೊತ್ತಿಲ್ಲ, ಆ ಮನೆಯಲ್ಲಿ ಮಗನನ್ನು ರಾತ್ರಿ ಮಲಗಿಸಲು ತಾಯಿ ಒಪ್ಪಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಒಪ್ಪುತ್ತಿರಲಿಲ್ಲ. ಮಂಚ ಇಡಲು ಜಾಗವೂ ಇರಲಿಲ್ಲ. ಮಾರಿಬಿಡು ಅಂದರೆ ಬೇಡ ಅಂದ. ಬಿಚ್ಚಿ, ಹಲಗೆಗಳನ್ನು ಹಗ್ಗದಲ್ಲಿ ಕಟ್ಟಿ, ಸ್ಕ್ರೂಗಳನ್ನು ಜಾಮಿನ ಬಾಟಲಿಗೆ ಹಾಕಿ, ನಮ್ಮ ಕೇಂದ್ರದ ಹಿಂದಿನ ಸಾಮಾನು ಕೋಣೆಯಲ್ಲಿ ಕರಪತ್ರದ ಪೆಟ್ಟಿಗೆಗಳ ಹಿಂದೆ ಇಟ್ಟ. "ಕ್ರಿಸ್‌ಮಸ್ ತನಕ ಅಷ್ಟೇ" ಅಂದ.

ಆಮೇಲೆ ಶನಿವಾರಗಳಲ್ಲಿ ಅವರಿಬ್ಬರನ್ನು ಊರಿನಲ್ಲಿ ನೋಡುತ್ತಿದ್ದೆ. ಲೈಬ್ರರಿಯ ಮಕ್ಕಳ ಮೂಲೆಯಲ್ಲಿ, ಮಳೆ ಬಂದರೆ ಬಸ್ ನಿಲ್ದಾಣದಲ್ಲಿ, ದುಡ್ಡಿದ್ದ ದಿನ ಬರ್ಗರ್ ಅಂಗಡಿಯಲ್ಲಿ ಒಂದು ಪೊಟ್ಟಣ ಚಿಪ್ಸನ್ನು ಎರಡು ಗಂಟೆ ತಿನ್ನುತ್ತಾ. ಸಂಜೆ ಐದಕ್ಕೆ ಲೈಬ್ರರಿ ಮುಚ್ಚಿದರೆ ಅಪ್ಪ ಮಗನ ದಿನವೂ ಮುಗಿಯಿತು. ಇಂಥ ಅಪ್ಪಂದಿರು ಅವನೊಬ್ಬನೇ ಅಲ್ಲ. ಅಲ್ಲಿ ಕೂತ ಗಂಡಸರನ್ನು ನೋಡಿದರೆ ಯಾರು ಕೋಣೆಯ ದರದವರು ಅಂತ ಗುರುತು ಹಿಡಿಯುವಷ್ಟು ನನಗೆ ಅಭ್ಯಾಸವಾಗಿಹೋಯಿತು. ಎರಡು ಚೀಲ ತಂದಿರುತ್ತಾರೆ, ಒಂದರಲ್ಲಿ ಮಗುವಿನ ಬದಲಿ ಬಟ್ಟೆ.

ನಡುವೆ ನಿಯಮಗಳು ಬದಲಾಗುತ್ತಲೇ ಹೋದವು. 2013ರ ಏಪ್ರಿಲ್‌ನಲ್ಲಿ ಸಾಮಾಜಿಕ ವಸತಿಯಲ್ಲಿ, ಅಂದರೆ ಕೌನ್ಸಿಲಿನಂಥವರ ಅಗ್ಗದ ಬಾಡಿಗೆ ಮನೆಗಳಲ್ಲಿ, ಹೆಚ್ಚುವರಿ ಕೋಣೆ ಇದ್ದವರ ನೆರವೂ ಕಡಿತವಾಯಿತು, ಜನ ಅದನ್ನು ಬೆಡ್‌ರೂಮ್ ತೆರಿಗೆ ಅಂದರು. ಅದರಿಂದ ನಮಗೊಂದು ವಿಚಿತ್ರ ಲಾಭವೂ ಆಯಿತು. ಮಕ್ಕಳು ದೊಡ್ಡವರಾಗಿ ಹೋದ ಮನೆಯಲ್ಲಿ ಒಂಟಿಯಾಗಿದ್ದ ಐವತ್ತರ ಹೆಂಗಸರು ಕೋಣೆಯೊಂದನ್ನು ನಮ್ಮ ಹುಡುಗ ಹುಡುಗಿಯರಿಗೆ ಬಾಡಿಗೆಗೆ ಕೊಡಲು ಮುಂದೆ ಬಂದರು. ಸೋಫಾದಿಂದ ಸೋಫಾಕ್ಕೆ ಅಲೆದ ಆ ಹುಡುಗಿಗೆ ಕೊನೆಗೆ ನೆಲೆ ಸಿಕ್ಕಿದ್ದು ಹಾಗೆಯೇ. ನಿವೃತ್ತ ಟೀಚರಮ್ಮ ಒಬ್ಬರು ಅವಳಿಗೆ ಕೋಣೆಯನ್ನೂ ಭಾನುವಾರದ ಊಟವನ್ನೂ ಕೊಟ್ಟರು. ಆರು ಬೆನಿಫಿಟ್ ಒಟ್ಟುಗೂಡಿಸಿ ಯೂನಿವರ್ಸಲ್ ಕ್ರೆಡಿಟ್ ಬಂತು. 2016ರ ಏಪ್ರಿಲ್‌ನಿಂದ ದರಪಟ್ಟಿಯನ್ನೇ ನಾಲ್ಕು ವರ್ಷ ತಡೆಹಿಡಿದರು. ಬಾಡಿಗೆ ಏರಿತು, ದರ ನಿಂತಲ್ಲೇ ನಿಂತಿತು.

ಗಾರೆಯವನಿಗೆ ಅಷ್ಟರಲ್ಲಿ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತ್ತು. 2016ರ ನವೆಂಬರಿನಲ್ಲಿ ಅವನಿಗೆ 35 ತುಂಬಿತು. ಮೂವತ್ತೈದಾಯಿತಲ್ಲ ಅಂತ ಪೇಚಾಡುವವರನ್ನೇ ನೋಡಿದ್ದೆ. ಇವನು ಆ ವರ್ಷದ ಜನವರಿಯಿಂದಲೇ ತಿಂಗಳು ಎಣಿಸುತ್ತಿದ್ದ. ಕೇಂದ್ರಕ್ಕೆ ಬಂದಾಗಲೆಲ್ಲ "ಇನ್ನು ಏಳು, ಮಿ ಡಕ್", "ಇನ್ನು ನಾಲ್ಕು" ಎನ್ನುತ್ತಿದ್ದ. ಒಂದು ಬೆಡ್‌ರೂಮಿನ ದರ ಅವನಿಗೆ ಮತ್ತೆ ತೆರೆಯಿತು. ಆದರೆ ಅದು ನಿಂತ ದರ, ಸಿಕ್ಕ ಫ್ಲ್ಯಾಟಿನ ಬಾಡಿಗೆ ವಾರಕ್ಕೆ 115. ವ್ಯತ್ಯಾಸ ಸಂಬಳದಿಂದ. ಲೆಕ್ಕವನ್ನು ಮತ್ತೆ ಲಕೋಟೆಯ ಹಿಂದೆ ಹಾಕಿಕೊಂಡು ಬಂದಿದ್ದ, ಈ ಸಲ ಕೊನೆಗೆ ಸ್ವಲ್ಪ ಉಳಿಯುತ್ತಿತ್ತು. ಸಿಗರೇಟಿನ ಸಾಲು ಇರಲಿಲ್ಲ.

ಮೊದಲ ಶುಕ್ರವಾರ ಸಂಜೆ ನನ್ನ ಗಂಡನ ಕಾರಿನಲ್ಲಿ ಮಂಚದ ಹಲಗೆಗಳನ್ನು ಹಾಕಿಕೊಂಡು ಹೋದೆವು. ಜಾಮಿನ ಬಾಟಲಿಯಲ್ಲಿ ಸ್ಕ್ರೂಗಳು ಪೂರ್ತಿ ಇದ್ದವು. ಹಗ್ಗದ ಗಂಟು ಮಾತ್ರ ನಾಲ್ಕು ವರ್ಷದಲ್ಲಿ ಕಲ್ಲಾಗಿತ್ತು, ಕತ್ತರಿಸಬೇಕಾಯಿತು. ಮಗನಿಗೆ ಈಗ ಒಂಬತ್ತು ದಾಟಿತ್ತು, ಅಪ್ಪನ ಎದೆಯ ತನಕ ಬೆಳೆದಿದ್ದ. ಮಾತಿಲ್ಲದೆ ಹಲಗೆ ಎತ್ತಿ ಕೊಡುತ್ತಿದ್ದ. ಜೋಡಿಸಿ ಮುಗಿಸಿದ ಮೇಲೆ ರಾಕೆಟ್ಟಿನ ಕಡೆ ತಲೆ ಇಟ್ಟು ಮಲಗಿ ನೋಡಿದ. ಮೊಣಕಾಲು ಮಡಚಿದರೂ ಸಾಲಲಿಲ್ಲ, ಕೊನೆಯ ಹಲಗೆಯ ಮೇಲಿಂದ ಎರಡೂ ಪಾದ ಆಚೆ ಬಂದವು. ಅವನಿಗೆ ನಗು ಬಂತು, ನಮಗೆ ಬರಲಿಲ್ಲ. ಗಾರೆಯವನು ಒಂದು ನಿಮಿಷ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. ಆಮೇಲೆ ಮೊಣಕಾಲೂರಿ ಕೂತು, ಕಾಲ ಕಡೆಯ ಹಲಗೆಯ ಸ್ಕ್ರೂ ಬಿಚ್ಚತೊಡಗಿದ. ನಾನು ಅಡುಗೆಮನೆಯಿಂದ ಒಂದು ಸ್ಟೂಲು ತಂದೆ.